ಮೂರು ಪಕ್ಷ, ಒಂದೇ ಕೈಬರಹ

ಅಕ್ಷರ ದುಂಡಗಿರುವುದು ಪುಣ್ಯವೆಂದು ಚಿಕ್ಕಂದಿನಲ್ಲಿ ನಮ್ಮ ಮೇಷ್ಟ್ರು ಹೇಳುತ್ತಿದ್ದರು. ಆ ಪುಣ್ಯವೇ ನನ್ನ ಕೆಲಸಕ್ಕೆ ಸಂಚಕಾರ ತಂದೀತೆಂದು ಪಾಪ, ಅವರಿಗೂ ಹೊಳೆದಿರಲಿಲ್ಲ. ಆಗ ನಾನು ಹೊಳೆನರಸೀಪುರದ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ. ಕನ್ನಡ ಸೀಮೆಯೆಲ್ಲ ಒಂದಾಗಿ ವರ್ಷ ಕಳೆದಿದ್ದರೂ ನಮ್ಮ ಕಡೆಯ ಕೆಲವರಿಗೆ ಆ ಊಟ ಇನ್ನೂ ಜೀರ್ಣವಾಗಿರಲಿಲ್ಲ. ಜವಳಿ ಅಂಗಡಿಯ ಚನ್ನಬಸಪ್ಪನವರು ಹಳೇ ಮೈಸೂರು ಬೇರೆಯೇ ಆಗಬೇಕೆಂದು ಪಕ್ಷ ಕಟ್ಟಿ, ಸರ್ಕಾರಕ್ಕೆ ಅರ್ಜಿ ಬರೆಸಲು ನನ್ನ ಮನೆಗೆ ಬಂದರು. ನೌಕರರು ರಾಜಕೀಯಕ್ಕೆ ಕೈ ಹಾಕಕೂಡದೆಂಬ ನಿಯಮ ನನಗೆ ಬಾಯಿಪಾಠ. ಆದರೆ ಅವರು, "ನಿಮ್ಮ ಅಕ್ಷರ ಮುತ್ತು ಪೋಣಿಸ್ದಂಗೆ ಕಣ್ರೀ" ಎಂದುಬಿಟ್ಟರು. ಬರೆದುಕೊಟ್ಟೆ.

ತಿಂಗಳೊಳಗೆ, ಅಧ್ಯಕ್ಷರು ಯಾರೆಂಬ ಜಗಳದಲ್ಲಿ ಪಕ್ಷ ಒಡೆಯಿತು. ಅರಕಲಗೂಡಿನ ಆಲೂಗಡ್ಡೆ ವ್ಯಾಪಾರಿ ಪುಟ್ಟೇಗೌಡರು ಬಂದು, "ಆವಯ್ಯಂದು ಪಕ್ಷವೇ ಅಲ್ಲ ಸಾ. ನಂದು ಬ್ಯಾರೆ ಬರ್ಕೊಡಿ" ಎಂದರು. ಆಮೇಲೆ ಚನ್ನರಾಯಪಟ್ಟಣದವರೊಬ್ಬರು ತಮ್ಮ ಮೂರನೆಯ ಪಕ್ಷಕ್ಕೂ ಒಂದನ್ನು ಬರೆಸಿಕೊಂಡು ಹೋದರು. "ಕೆಲಸ ಹೋದ್ರೆ ಮಕ್ಕಳಿಗೆ ಏನ್ ಹಾಕ್ತೀರಿ?" ಎಂದು ಹೆಂಡತಿ ಕೇಳಿದಳು. "ಹೇಳಿದೋರು ಅವ್ರು, ಬರೆದದ್ದಷ್ಟೇ ನಾನು" ಎಂದೆ.

ಮೂರೂ ಅರ್ಜಿ ಹಾಸನದ ಜಿಲ್ಲಾ ಕಚೇರಿಗೆ ಹೋಗಿ, ಅಲ್ಲಿ ಯಾರಿಗೋ ಅನುಮಾನ ಬಂದು, ನಮ್ಮ ಅಮಲ್ದಾರರ ಮೇಜಿಗೆ ಬಂದವು. ಸಾಹೇಬರು ನನ್ನನ್ನು ಕರೆದು ಅವನ್ನು ಸಾಲಾಗಿ ಹರಡಿದರು. ಪಕ್ಕದಲ್ಲಿ, ಅಂದು ಬೆಳಿಗ್ಗೆಯಷ್ಟೇ ನಾನು ಬರೆದುಕೊಟ್ಟ ರಜಾ ಚೀಟಿ.

"ಮೂರು ಪಕ್ಷದೋರೂ ಒಬ್ಬರ ಮುಖ ಒಬ್ಬರು ನೋಡಲ್ವಂತೆ. ಕೈ ಮಾತ್ರ ಒಂದೇ ಅಲ್ವೇನ್ರೀ?" ಎಂದರು.

ಕೆಲಸವೇನೋ ಉಳಿಯಿತು, ವರ್ಗವಾಯಿತು, ರಾಯಚೂರಿಗೆ. ಯಾವ ಸೀಮೆಯ ಸಹವಾಸ ಬೇಡವೆಂದು ಮೂರು ಸಲ ಬರೆದಿದ್ದೆನೋ ಅಲ್ಲಿಗೇ. ಬಸ್ಸಿನ ಹತ್ತಿರ ಮೂವರು ಅಧ್ಯಕ್ಷರೂ ಒಟ್ಟಿಗೆ ನಿಂತಿದ್ದನ್ನು ಕಂಡು, ನನ್ನ ಗತಿಗೆ ಮರುಗಿ ಒಂದಾದರೆಂದು ಕಣ್ಣು ತುಂಬಿ ಬಂತು. "ಇನ್ನು ಯಾರ ಕೈಲಿ ಬರ್ಸಾದು ಸಾ?" ಎಂದರು ಪುಟ್ಟೇಗೌಡರು.

ರಾಯಚೂರಿನ ಕಚೇರಿಯ ಹಾಜರಿ ಪುಸ್ತಕದಲ್ಲಿ ಹೆಸರು ಬರೆದೆ. ಪಕ್ಕದ ಹಿರಿಯ ಗುಮಾಸ್ತರು ಬಗ್ಗಿ ನೋಡಿ, "ಅಕ್ಷರ ಭಾಳ ಚಲೋ ಅದಾವ್ರೀ" ಎಂದಾಗ ಪುಸ್ತಕವನ್ನು ತಟ್ಟನೆ ಮುಚ್ಚಿಬಿಟ್ಟೆ. ಅವರು ಕುರ್ಚಿಯನ್ನು ಹತ್ತಿರಕ್ಕೆಳೆದುಕೊಂಡು ಪಿಸುಗುಟ್ಟಿದರು: "ಮೈಸೂರಿನವರು ನಮಗ ಭಾಳ ಅನ್ಯಾಯ ಮಾಡ್ಯಾರ್ರೀ. ನಮ್ಮ ಮಂದಿ ಹೊಸ ಪಕ್ಷ ಕಟ್ಯಾರ. ಒಂದು ಅರ್ಜಿ ಬರದು ಕೊಡ್ತೀರೇನು?"

ನಾನೇ ಮೈಸೂರಿನವನೆಂದು ಹೇಳಲು ಬಾಯಿ ತೆರೆದೆ. ಬಂದ ಮಾತು, "ಎಷ್ಟು ಪ್ರತಿ ಬೇಕು?"