ಮೂರು ಸೇಬು, ಒಂದು ಹೂಜಿ, ಇಪ್ಪತ್ತು ಎಣಿಕೆ

ಸ್ಟುಡಿಯೋ ಕಿಟಕಿಯಲ್ಲಿ ನನ್ನ ಫೋಟೋ ತೂಗದಿದ್ದರೆ ಇನ್ನು ಕ್ಯಾಮೆರಾ ಮುಟ್ಟುವವಳೇ ಅಲ್ಲ! ಹೀಗೆಂದು ಸೋಮವಾರ ಮನೆಮಂದಿಯ ಮುಂದೆ ಘೋಷಿಸಿಬಿಟ್ಟೆ. ನಮ್ಮ ಬೀದಿಯ ಸ್ಟುಡಿಯೋದವರು ಹವ್ಯಾಸಿಗಳಿಗೆ ಸ್ಪರ್ಧೆ ಇಟ್ಟಿದ್ದರು. ವಿಷಯ, ಜೀವವಿಲ್ಲದ ವಸ್ತುಗಳು. ಗೆದ್ದ ಚಿತ್ರಕ್ಕೆ ಒಂದು ತಿಂಗಳು ಅವರ ಕಿಟಕಿಯಲ್ಲಿ ಜಾಗ.

ಅಣ್ಣ ಕೊಟ್ಟ ಹಳೆಯ ಪೆಟ್ಟಿಗೆ ಕ್ಯಾಮೆರಾ ಇತ್ತು. ಮುಚ್ಚಳ ತೆಗೆದು ಇಪ್ಪತ್ತು ಎಣಿಸಿ ಮುಚ್ಚಿದರೆ ಒಂದು ಚಿತ್ರ, ಅಷ್ಟರಲ್ಲಿ ಅಲ್ಲಾಡಿದ್ದೆಲ್ಲ ಬರೀ ಹೊಗೆ. ಚಿತ್ರ ಮೂಡುವ ಗಾಜಿನ ಪ್ಲೇಟುಗಳಲ್ಲಿ ಐದನ್ನು ಆಗಲೇ ಕೆಡಿಸಿ ಕೂತಿದ್ದೆ. ಉಳಿದದ್ದು ಒಂದೇ. ಕೊನೆಯ ದಿನವೂ ಅವತ್ತೇ!

"ಹಣ್ಣಿನ ಫೋಟೋ ಯಾಕೇ? ಮಗಳದ್ದು ತೆಗೀಬಾರ್ದಾ?" ಅಂದರು ಇವರು.

"ಇಪ್ಪತ್ತು ಎಣಿಸೋ ತನಕ ನಿಮ್ಮ ಮಗಳು ಒಂದ್ ಕಡೆ ನಿಲ್ತಾಳಾ?"

"ಓಡಾಡುವಾಗ ನನ್ನ ಮಗಳು, ಮಲಗಿದ್ರೆ ನಿನ್ನ ಮಗಳು. ಚೆನ್ನಾಗಿದೆ!"

ಕಿಟಕಿಯ ಪಕ್ಕ ಗಿಡ್ಡ ಸ್ಟೂಲು, ಅದರ ಮೇಲೆ ಹೂಜಿ, ಮೂರು ಸೇಬು. ಮಹಾಯುದ್ಧಕ್ಕೆ ಹೊರಟವಳಂತೆ ಸೆರಗು ಸಿಕ್ಕಿಸಿ ಲೆನ್ಸಿನ ಮುಚ್ಚಳ ತೆಗೆದೆ. ಗೋಡೆ ಗಡಿಯಾರದಲ್ಲೇ ಕಣ್ಣು ನೆಟ್ಟು ಜೋರಾಗಿ ಎಣಿಸತೊಡಗಿದೆ.

"ಒಂದು... ಎರಡು... ಮೂರು..."

ಕರುಂ!

ಇಲಿ ಇರಬೇಕು, ಆಮೇಲೆ ವಿಚಾರಿಸಿಕೊಂಡರಾಯಿತು!

"ನಾಲ್ಕು." ಕರುಂ! "ಐದು." ಕರುಂ! ಇಲಿಗೆ ಇಷ್ಟು ಶಿಸ್ತೇ? ಏಳಕ್ಕೆ ಕಣ್ಣಿಳಿಸಿದೆ. ಎರಡು ವರ್ಷದ ನನ್ನ ಕಂದ ಸ್ಟೂಲಿನ ಪಕ್ಕ ಸೇಬು ಹಿಡಿದು ನಿಂತಿದ್ದಾಳೆ!

ಪಾಪ, ಅವಳದೇನು ತಪ್ಪು? ಊಟ ಮಾಡಿಸುವಾಗ ಒಂದು ಎಣಿಕೆಗೆ ಒಂದು ತುತ್ತು ಎಂದು ಪಳಗಿಸಿದವಳು ನಾನೇ. "ಎಂಟು" ನನ್ನ ಗಂಟಲಲ್ಲೇ ಉಳಿಯಿತು. ಎಂಟಕ್ಕಾಗಿ ಅವಳು ಬಾಯಿ ತೆರೆದು ನಿಂತಳು. ಮುಚ್ಚಳ ಕೈಯಲ್ಲಿ ಹಿಡಿದು ನಾನೂ ಎಷ್ಟೋ ಹೊತ್ತು ಕಂಬದಂತೆ ನಿಂತೆ.

"ಮುಚ್ಚೇ ಮಾರಾಯ್ತಿ!" ಇವರು ಕಿರುಚಿದ ಮೇಲೇ ನನಗೆ ಎಚ್ಚರ.

ಬೇರೆ ಪ್ಲೇಟು ಎಲ್ಲಿಂದ ತರಲಿ? ಅದನ್ನೇ ಒಯ್ದು ಕೊಟ್ಟೆ. ಸ್ಟುಡಿಯೋದವರು ತೊಳೆದು, ಪ್ರಿಂಟು ಹಾಕಿ ನನ್ನ ಮುಂದೆ ಹಿಡಿದರು. ಹೂಜಿ ಸೊಗಸು, ಎರಡು ಸೇಬು ಸೊಗಸು. ಮೂರನೆಯದು ಇದ್ದ ಜಾಗದಲ್ಲಿ ಹೊಗೆ. ಪಕ್ಕದಲ್ಲಿ ಮಗಳು, ಹಲ್ಲು ಎಣಿಸುವಷ್ಟು ಸ್ಪಷ್ಟ!

"ಏನಮ್ಮಾ ಇದು? ಜೀವ ಇರೋದು ಇರ್ಬಾರ್ದು ಅಂದಿದ್ವಲ್ಲ!"

"ಅಲ್ಲಾಡಿಲ್ಲ ನೋಡಿ ಸಾರ್!"

"ಉಸಿರಾಡ್ತಿದ್ದಾಳಲ್ಲಮ್ಮ!"

ಆದರೂ ನಿನ್ನೆ ಪಕ್ಕದ ಮನೆಯಾಕೆ ಓಡಿಬಂದು, "ನಿಮ್ಮ ಫೋಟೋ ಕಿಟಕೀಲಿದೆ ಕಣ್ರೀ, ಜನ ನಿಂತು ನೋಡ್ತಿದಾರೆ!" ಅಂದರು. ಒಳ್ಳೆಯ ಸೀರೆಯುಟ್ಟು, ಮಗಳನ್ನು ಎತ್ತಿಕೊಂಡು, ಇವರನ್ನೂ ಎಳೆದುಕೊಂಡು ಹೋದೆ. ಹೌದು, ತೂಗುತ್ತಿತ್ತು! ಕೆಳಗಿನ ಚೀಟಿಯನ್ನು ಇವರೇ ಗಟ್ಟಿಯಾಗಿ ಓದಿದರು:

"ಹೊಸಬರ ಗಮನಕ್ಕೆ. ಹೀಗೆ ತೆಗೆಯಬೇಡಿ."