ಆರು ಹಲ್ಲಿನ ನಾಯಿ

ನಾಯಿಯ ಬಾಯಿಗೆ ಕೈ ಹಾಕುವವನಿಗೆ ಪೇಚಿನ ಪ್ರಸಂಗಗಳು ಒಂದಾದ ಮೇಲೊಂದು ಬರುತ್ತಲೇ ಇರುತ್ತವೆ. ಈ ಮಾತು ನನಗೆ ಮೊದಲು ಹೇಳಿದವರು ನಮ್ಮ ಆಳಂದದ ಕಡೆ ಹಳ್ಳಿಹಳ್ಳಿ ತಿರುಗಿ ದನದ ದವಾಖಾನೆಯ ಕೆಲಸ ಮಾಡಿ, ಈಗ ಮನೆಯಲ್ಲಿ ಕುಳಿತಿರುವ ಕಂಪೌಂಡರು. ಅವರು ನಮ್ಮ ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಹೇಳಿದ ಕತೆಯನ್ನೇ ಮೊದಲು ಹೇಳುತ್ತೇನೆ. ಉಳಿದದ್ದು ನನ್ನ ತಲೆಯ ಮೇಲೆಯೇ ಬಂದದ್ದು.

೧. ಜೇವರ್ಗಿ ಸಾಹುಕಾರರ ಕೂಸು

ಜೇವರ್ಗಿಯ ಒಬ್ಬ ತೊಗರಿ ಸಾಹುಕಾರರು ಒಂದು ವಿಲಾಯತಿ ನಾಯಿ ತಂದಿದ್ದರು. ಮಾರಿದವನು ‘ಸಣ್ಣ ಮರಿ’ ಎಂದಿದ್ದ. ಮರಿ ಆಡುವುದಿಲ್ಲ, ಓಡುವುದಿಲ್ಲ, ದಿನವೆಲ್ಲ ಮಲಗುತ್ತದೆ. ಕಂಪೌಂಡರನ್ನು ಕರೆಸಿದರು.

“ರೊಟ್ಟಿ ಹಾಕ್ತೀರೇನ್ರಿ?”

“ರೊಟ್ಟಿ ಹೆಂಗ ಹಾಕೋದ್ರಿ? ಕೂಸು ಅದ. ನಮ್ಮ ಮನ್ಯಾಕಿ ಅನ್ನ ಮಿದ್ದು ತಿನ್ನಸ್ತಾಳ. ಇನ್ನಾ ಹಲ್ಲ ಬಂದಿಲ್ಲ.”

ಕಂಪೌಂಡರು ತುಟಿ ಎತ್ತಿ ನೋಡಿದರು. ಮುಂದಿನ ವಸಡೆಲ್ಲ ಬೋಳು. ಒಂದೇ ಒಂದು ಕೋರೆಹಲ್ಲು ಅರಿಷಿಣದ ಕೊಂಬಿನ ಹಾಗೆ ಉಳಿದಿತ್ತು.

“ಸಾವಕಾರ್ರ, ಹಲ್ಲು ಬಂದಿಲ್ಲ ಅಂತಲ್ಲ. ಬಂದು ಹೋಗ್ಯಾವ.”

ಒಳಗಿನಿಂದ ಸಾಹುಕಾರರ ಹೆಂಡತಿಯ ದನಿ ಬಂತು: “ಅಯ್ಯ ಶಿವನ! ಹಂಗಾರ ನಾ ದಿನಾ ತೊಡಿ ಮ್ಯಾಲ ಹಾಕ್ಕೊಂಡು ಜೋಗುಳ ಹಾಡಿದ್ದು ಮುದುಕಗೇನ್ರಿ?”

೨. ಭೂಸನೂರಿನಲ್ಲಿ ನನ್ನ ಮೊದಲ ಪರೀಕ್ಷೆ

ಅವತ್ತೇ ಕಂಪೌಂಡರಿಂದ ಹಲ್ಲು ನೋಡಿ ವಯಸ್ಸು ಹೇಳುವ ವಿದ್ಯೆ ಕಲಿತೆ. ಎಳೆಯ ನಾಯಿಯ ಮುಂದಿನ ಸಣ್ಣ ಹಲ್ಲಿನ ತುದಿಯಲ್ಲಿ ಮೂರು ಕುಡಿ ಇರುತ್ತವೆ, ನಮ್ಮ ಬಿಲ್ವಪತ್ರೆಯ ಹಾಗೆ. ವಯಸ್ಸಾದಂತೆ ನಡುವಿನ ಹಲ್ಲಿನಿಂದ ಆ ಕುಡಿ ಸವೆಯುತ್ತ ಹೋಗಿ, ಕೊನೆಗೆ ಅಂಚು ಚಪ್ಪಟೆಯಾಗುತ್ತದೆ. ನಾನು ದಿನಾ ಬಿಲ್ವಪತ್ರೆ ಏರಿಸುವವನು. ಶಿವನೇ ಈ ಲೆಕ್ಕ ನನಗಾಗಿ ಇಟ್ಟಿದ್ದಾನೆ ಅನ್ನಿಸಿತು.

ಒಂದು ಸಲ ಭೂಸನೂರಿನ ಕಬ್ಬಿನ ಹೊಲದಲ್ಲಿ ಗೆಳೆಯನ ನಾಯಿಯ ಬಾಯಿ ತೆಗೆದು ನೋಡಿದೆ. ಒಂದು ಕುಡಿಯೂ ಇಲ್ಲ. ನಾಲ್ಕು ಜನರ ಎದುರು, “ಒಂಬತ್ತು ವರ್ಷಕ್ಕ ಕಡಿಮಿ ಇಲ್ಲ” ಎಂದೆ.

ಗೆಳೆಯ ಬದುವಿನ ಮೇಲೆ ಮಲಗಿದ್ದ ಇನ್ನೊಂದು ನಾಯಿಯನ್ನು ತೋರಿಸಿದ. “ಅಣ್ಣಾ, ಆಕಿ ಇದರ ಅವ್ವ. ಆಕೀಗೇ ಇನ್ನಾ ಐದು ವರ್ಷ.”

ದಿನಾ ಗಾಡಿಯಿಂದ ಬಿದ್ದ ಕಬ್ಬು ಕಡಿದು ಕಡಿದು ಅದರ ಹಲ್ಲು ಸವೆದಿದ್ದವಂತೆ. ಗೆಳೆಯ ಸಮಾಧಾನ ಹೇಳಿದ: “ಇರಲಿ ಬಿಡು ಅಣ್ಣಾ. ಅವ್ವಗಿಂತ ಮಗ ನಾಲ್ಕು ವರ್ಷ ಹಿರ್ಯಾ ಆದ್ರ, ಮಾತಾದರೂ ಕೇಳ್ಯಾಳು.”

೩. ಅಫಜಲಪುರದಿಂದ ಫೋನು

ಇಷ್ಟಾದರೂ ‘ಆಳಂದದವರು ನಾಯಿ ಹಲ್ಲು ನೋಡ್ತಾರಂತ’ ಎಂಬ ಸುದ್ದಿ ಅಫಜಲಪುರ ತಾಲೂಕಿನ ನಮ್ಮ ಬೀಗರ ಊರಿಗೂ ಮುಟ್ಟಿತ್ತು. ಪಂಚಮಿಗೆ ಹನ್ನೆರಡು ದಿನ ಇರುವಾಗ ಮಗಳು ಫೋನು ಮಾಡಿದಳು. ಮದುವೆಯಾದ ಮೇಲೆ ಅವಳಿಗೆ ಅದು ಮೊದಲನೆಯ ನಾಗರಪಂಚಮಿ, ತವರಿಗೆ ಬರುವ ಹಬ್ಬ. ಅವಳ ಅವ್ವ ಆಗಲೇ ಉಂಡಿಗೆ ಎಳ್ಳು ಹಸನು ಮಾಡಿಟ್ಟಿದ್ದಳು.

“ಅಪ್ಪಾ, ಮಾವ ನಿಂಗ ಕರೀತಾರ. ಹೋದ ವರ್ಷ ನಮ್ಮನಿ ನಾಯಿ ಕಳದಿತ್ತಲ್ಲ, ಕರೀದು, ಬಿಳಿ ಕಾಲಿಂದು? ಹೊಲದಾಗ ಗೊಬ್ಬರಕ್ಕ ಕುರಿ ನಿಲ್ಲಸಾಕ ಬಂದ ಕುರಿಗಾರನ ಹತ್ರ ಅಂಥಾದೇ ಒಂದು ಅದ. ಮಾವ ಅದನ್ನ ತಂದು ಬಾಗಲಕ್ಕ ಕಟ್ಯಾರ. ಕುರಿಗಾರ ಎರಡು ದಿನದಿಂದ ಗುಡಿ ಕಟ್ಟಿ ಮ್ಯಾಲ ಕುಂತಾನ, ಏಳವಲ್ಲ.”

“ನಾಯಿ ಯಾರ ಮಾತು ಕೇಳ್ತದ?”

“ಕುರಿಗಾರಂದು. ಆದ್ರ ಮಾವ, ‘ರೊಟ್ಟಿ ಹಾಕಿದವನ ಹಿಂದ ನಾಯಿ ಹೋಗ್ತದ, ಅದು ಸಾಕ್ಷಿ ಅಲ್ಲ’ ಅಂತಾರ. ನಮ್ಮದು ಇದ್ದಿದ್ರ ಈಗ ಒಂದೂವರಿ ವರ್ಷದ್ದು, ಕುರಿಗಾರ ತನ್ನದು ನಾಲ್ಕು ವರ್ಷದ್ದು ಅಂತಾನ. ಹಿರ್ಯಾರು, ಹಲ್ಲ ನೋಡಿಸ್ರಿ ಅಂದಾರ.” ಅವಳ ದನಿ ಇಳಿಯಿತು. “ಅಪ್ಪಾ, ಮಂದಿ ಮುಂದ ಮಾವಗ ಎದುರಾಡಬ್ಯಾಡ. ಎದುರಾಡಿದ್ರ ಪಂಚಮಿಗಿ ನನ್ನ ಕಳಸಂಗಿಲ್ಲ.”

ಅವತ್ತು ಪೂಜೆಗೆ ಕುಳಿತಾಗ ಅಂಗೈಯ ಲಿಂಗದ ಮೇಲೆ ಮನಸ್ಸು ನಿಲ್ಲಲಿಲ್ಲ. ಕಣ್ಣು ಮುಚ್ಚಿದರೆ ಬರೀ ಹಲ್ಲು ಕಾಣುತ್ತಿದ್ದವು.

ನನ್ನ ಹೆಂಡತಿ ಬುತ್ತಿ ಕಟ್ಟಿ ಕೊಡುತ್ತ ಅಂದಳು: “ಖರೇ ಹೇಳ್ರಿ, ನಾ ಏನೂ ಅನ್ನಂಗಿಲ್ಲ. ಆದ್ರ ಮಗಳು ಬರದಿದ್ರ, ಈ ಉಂಡಿ ಎಲ್ಲಾ ನೀವೊಬ್ಬರೇ ತಿನ್ನಬೇಕು.”

೪. ಗುಡಿಯ ಕಟ್ಟೆ

ನಮ್ಮ ಬೀಗರು ಊರ ಗೌಡರು, ಎತ್ತಿನ ಪರೀಕ್ಷೆಯಲ್ಲಿ ಹೆಸರಾದವರು. ನಲವತ್ತು ವರ್ಷದಿಂದ ಯಾವ ದನದ ಸಂತೆಯಲ್ಲಾಗಲಿ ಅವರು ಬಾಯಿ ತೆಗೆದು ನೋಡಿ ಹೇಳಿದ್ದೇ ವಯಸ್ಸು. ಎರಡು ಹಲ್ಲಿಗೆ ಎರಡೂವರೆ ವರ್ಷ, ನಾಲ್ಕಕ್ಕೆ ಮೂರು ದಾಟಿತು, ಆರಕ್ಕೆ ನಾಲ್ಕು ತುಂಬಿತು, ಎಂಟಾದರೆ ಬಾಯಿಗೂಡಿತು, ಅಂದರೆ ಹಲ್ಲು ಪೂರಾ ಬಂದವು. ‘ಗೌಡ್ರ ಮಾತು ತಪ್ಪಂಗಿಲ್ಲ’ ಎಂದು ಊರೇ ಹೇಳುತ್ತದೆ. ಅವರೂ ಹೇಳುತ್ತಾರೆ.

ಬಸವಣ್ಣನ ಗುಡಿಯ ಕಟ್ಟೆಯ ಸುತ್ತ ಜನ ಸೇರಿದ್ದರು. ಒಬ್ಬ ಹಿರಿಯರು ನನ್ನ ಕೈಗೆ ವಿಭೂತಿ ಕೊಟ್ಟರು. “ಹಚ್ಕೋರಿ. ದೇವರ ಮುಂದ ನಿಂತೀರಿ, ಕಂಡದ್ದ ಹೇಳ್ರಿ.”

ಕುರಿಗಾರ ಕೈ ಮುಗಿದ. “ಯಪ್ಪಾ, ಇದು ಇಲ್ಲಂದ್ರ ತ್ವಾಳ ನನ್ನ ಕುರಿ ಉಳಸಂಗಿಲ್ಲ. ನಿಮ್ಮ ಒಂದ ಮಾತಿನ ಮ್ಯಾಲ ಅದ.”

ಬೀಗರು ಮೀಸೆ ತಿರುವಿದರು. “ನೋಡ್ರಿ ಬೀಗರ, ಸಾವಕಾಶ ನೋಡ್ರಿ. ನಮ್ಮ ನಾಯಿ ನಿಮಗ ಗೊತ್ತಾಗಲಾರದಂಗ ಏನ್ ಅದ?”

ಕುರಿಗಾರ ನಾಯಿಯ ತುಟಿ ಎತ್ತಿ ಹಿಡಿದ. ನಾಯಿ ಗುರ್ ಅಂತು. ನಾನು ಬಗ್ಗಿದೆ. ಕೆಳಗಿನ ಹಲ್ಲುಗಳ ಕುಡಿ ಪೂರಾ ಸವೆದಿದ್ದವು. ಮೇಲಿನ ನಡುವಿನವೂ ಚಪ್ಪಟೆ. ಕಬ್ಬು ತಿಂದ ನಾಯಿಯೂ ಅಲ್ಲ, ಕುರಿಗಾರನನ್ನೇ ಕೇಳಿ ಖಾತ್ರಿ ಮಾಡಿಕೊಂಡೆ. ನಾಲ್ಕು ಖಂಡಿತ ದಾಟಿದೆ.

ತಲೆ ಎತ್ತಿದೆ. ಎದುರಿಗೆ ಬೀಗರ ಮನೆಯ ಬಾಗಿಲಲ್ಲಿ ಮಗಳು ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದಳು. ಹಣೆಯ ಮೇಲೆ ವಿಭೂತಿ ಬೆವರಿನೊಳಗೆ ಇಳಿಯುತ್ತಿತ್ತು.

“ಬೆಳಕು… ಸ್ವಲ್ಪ ಕಡಿಮಿ ಅದರಿ,” ಎಂದೆ. ಹೊತ್ತು ನಡುನೆತ್ತಿಯ ಮೇಲಿತ್ತು.

ಮತ್ತೆ ಬಗ್ಗಿದೆ. ಮತ್ತೆ ಎದ್ದೆ. ಮೂರನೆಯ ಸಲ ಬಗ್ಗುವಾಗ ಬೀಗರ ತಾಳ್ಮೆ ಮುಗಿಯಿತು.

“ಸರೀರಿ ಬೀಗರ! ಒಂದು ಬಾಯಿ ನೋಡಾಕ ಇಷ್ಟೊತ್ತೇನ್ರಿ? ನಲವತ್ತು ವರ್ಷ ನಾ ಇದನ್ನೇ ಮಾಡೇನಿ.”

ಧೋತರ ಮೇಲೆ ಕಟ್ಟಿ, ಕುಕ್ಕರಗಾಲಿನಲ್ಲಿ ಕುಳಿತು, ಸಂತೆಯಲ್ಲಿ ಎತ್ತಿಗೆ ಮಾಡುವಂತೆಯೇ ಕೆಳದವಡೆಯ ಮುಂದಿನ ಹಲ್ಲುಗಳ ಮೇಲೆ ಬೆರಳು ಆಡಿಸಿದರು. “ಎರಡು… ನಾಲ್ಕು… ಆರು.” ಆಮೇಲೆ, ನಲವತ್ತು ವರ್ಷದ ರೂಢಿ, ಎದ್ದು ನಿಂತು ಇಡೀ ಊರಿಗೆ ಕೇಳುವ ಹಾಗೆ ಕೂಗಿದರು: “ಆರು ಹಲ್ಲು! ನಾಲ್ಕು ವರ್ಷ ತುಂಬ್ಯಾವ!”

ತಾವು ಏನು ಹೇಳಿದೆವೆಂದು ಬೀಗರಿಗೆ ತಿಳಿಯುವ ಹೊತ್ತಿಗೆ ಕುರಿಗಾರ ಅವರ ಕಾಲಿಗೆ ಬಿದ್ದಾಗಿತ್ತು.

“ಗೌಡ್ರ ಮಾತು ತಪ್ಪಂಗಿಲ್ಲ,” ಎಂದರು ಹಿರಿಯರು. “ನೀವೇನಂತೀರಿ, ಆಳಂದದವರು?”

“ದೇವರಾಣಿ, ನಾಲ್ಕು ತುಂಬ್ಯಾವರಿ. ಬೀಗರ ಮಾತಿಗಿ ನಾ ಎಂದಾದ್ರೂ ಎದುರಾಡೇನೇನ್ರಿ?”

೫. ಪಂಚಮಿಯ ಮುನ್ನಾದಿನ

ಒಂದು ಮಾತು ಮಾತ್ರ ನಾನು ಅವತ್ತು ಹೇಳಲಿಲ್ಲ. ಎತ್ತಿಗೆ ದೊಡ್ಡ ಹಲ್ಲು ವಯಸ್ಸಿನ ಜೊತೆ ಜೋಡಿಜೋಡಿಯಾಗಿ ಬರುತ್ತವೆ. ನಾಯಿಗೆ ಹಾಗಲ್ಲ. ಮರಿಯಿರಲಿ, ಮುದಿಯಿರಲಿ, ಹಲ್ಲು ಉದುರದೇ ಇದ್ದರೆ ಕೆಳಗೆ ಮುಂದೆ ಆರೇ. ನನ್ನನ್ನು ಕೇಳಿದ್ದು ನಾಯಿಯ ವಯಸ್ಸು, ಬೀಗರ ವಿದ್ಯೆಯಲ್ಲ. ಅದಕ್ಕೆ ಸುಮ್ಮನಿದ್ದೆ.

ಪಂಚಮಿಯ ಮುನ್ನಾದಿನ ಬೀಗರೇ ಮಗಳನ್ನು ಕರೆದುಕೊಂಡು ಬಂದರು. ಅವಳ ಕೈಯಲ್ಲಿ ಬಟ್ಟೆಯ ಗಂಟು, ಅವರ ಕೈಯಲ್ಲಿ ಒಂದು ಚೀಲ. ಮುಖ ಕೆಂಪಾಗಿತ್ತು. ಹೊಸ್ತಿಲ ಹೊರಗೇ ನಿಂತರು. ಮಾವ ನಿಂತಿದ್ದಕ್ಕೆ ಮಗಳೂ ಒಳಗೆ ಬರದೆ ನಿಂತಳು.

“ಬೀಗರ, ಆ ಕುರಿಗಾರ ಮೋಸ ಮಾಡ್ಯಾನ. ಉಪಕಾರಕ್ಕಂತ ಹೇಳಿ ಮರಿ ಕೊಟ್ಟು ಹ್ವಾದ. ನಿನ್ನಿ ಬಾಯಿ ತಗದು ನೋಡ್ತೇನಿ, ಆರು ಹಲ್ಲು!” ಚೀಲ ಬಿಚ್ಚಿದರು. ಅಂಗೈ ಅಗಲದ ಮರಿಯೊಂದು ಕುಂಯ್ ಅಂತು. “ನಾಲ್ಕು ವರ್ಷದ ನಾಯಿ, ಇಷ್ಟ ಅದ! ನೀವ ಹೇಳ್ರಿ, ನಾ ತಪ್ಪಿದ್ನೇನು, ಅವ ಕಳ್ಳ ಏನು?”

ಮಗಳು ನನ್ನನ್ನು ನೋಡಿದಳು. ಒಳಗಿನಿಂದ ಅವಳ ಅವ್ವ ನನ್ನನ್ನು ನೋಡಿದಳು. ಸುಳ್ಳು ಹೇಳುವ ಹಾಗಿಲ್ಲ, ಖರೇ ಹೇಳಿದರೆ ಇಬ್ಬರೂ ತಿರುಗಿ ಬಸ್ ಹತ್ತುತ್ತಾರೆ. ಶಿವಾ ಎಂದೆ.

“ಬೀಗರ, ಹೊಟ್ಟಿ ತುಂಬ ಹಾಕ್ರಿ. ಬೆಳೀತದ.”

“ಇನ್ನೂ ಬೆಳೀತದೇನ್ರಿ?”

“ನಿಮ್ಮಂಥವರ ಮನ್ಯಾಗ ಯಾಕ ಬೆಳ್ಯಾಂಗಿಲ್ರಿ? ಒಳಗ ಬರ್ರಿ, ಉಂಡಿ ತಿನ್ರಿ.”

ಬಂದರು. ಮಗಳು ಎಂಟು ದಿನ ಇದ್ದು ಹೋದಳು.

ಮರಿ ಸಂಕ್ರಾಂತಿಯ ಹೊತ್ತಿಗೆ ಕರುವಿನಷ್ಟಾಯಿತು. ಬೀಗರು ಈಗ ಸಂತೆಸಂತೆಯಲ್ಲಿ ಹೇಳುತ್ತ ಹೊರಟಿದ್ದಾರೆ: “ನಾಲ್ಕು ವರ್ಷ ಬೆಳೀಲಾರದ ನಾಯಿ, ನಮ್ಮನಿ ರೊಟ್ಟಿ ತಿಂದು ಆರು ತಿಂಗಳದಾಗ ಹೆಂಗಾತು ನೋಡ್ರಿ!” ಅವರ ಮಾತು ತಪ್ಪುವುದಿಲ್ಲವಲ್ಲ, ಜನ ತಮ್ಮ ಮನೆಯ ಮುದಿ ನಾಯಿಗಳನ್ನು ಹೊಡೆದುಕೊಂಡು ಬಂದು ಆ ರೊಟ್ಟಿಗಾಗಿ ಅವರ ಬಾಗಿಲಲ್ಲಿ ನಿಲ್ಲುತ್ತಿದ್ದಾರಂತೆ. ದಿನಾ ನಲವತ್ತು ರೊಟ್ಟಿ ಬಡಿದು ನಮ್ಮ ಬೀಗತಿಯ ರಟ್ಟೆ ಸೋತುಹೋಗಿವೆ.

ಓದಿದವರು ಈ ಕತೆಯನ್ನು ಇನ್ನೊಬ್ಬರಿಗೆ ಹೇಳಬೇಕು. ಆಳಂದದಲ್ಲಿ ಹೇಳಿರಿ, ಜೇವರ್ಗಿಯಲ್ಲಿ ಹೇಳಿರಿ. ಅಫಜಲಪುರದ ಕಡೆ ಹೋದರೆ ಮಾತ್ರ, ಕೈ ಮುಗಿದು ಕೇಳುತ್ತೇನೆ, ಮಗಳು ಮುಂದಿನ ಪಂಚಮಿಗೆ ಬಂದು ಹೋಗುವ ತನಕ ತಡೆದು ಹೇಳಿರಿ.