ಗುಳ್ಳಿ ಮಕ್ಕಳಿಗೆ, ಗದ್ದಲ ಮನಿಗೆ

ಮಗುವಿನ ಮೈಮೇಲೆ ನಾಲ್ಕು ಕೆಂಪು ಗುಳ್ಳೆ ಎದ್ದರೆ ಸಾಕು, ಜ್ವರ ಮಗುವಿಗೆ ಬಂದರೂ ಬಡಬಡಿಸುವವರು ಮನೆಮಂದಿ. ಅಕ್ಕಲಕೋಟದಲ್ಲಿ ಮಕ್ಕಳ ಡಾಕ್ಟರಾಗಿ ಕೂತಿರುವ ನನಗೆ ಇಂಥ ಪ್ರಸಂಗಗಳಿಗೆ ಎಂದೂ ಬರವಿಲ್ಲ.

ಕಪಾಳದ ಕೆಂಪು

ಕುಂಭಾರಿಯ ಅಜ್ಜಿಯೊಬ್ಬಳು ಒಂದು ಕೈಯಲ್ಲಿ ಮೊಮ್ಮಗಳನ್ನೂ ಇನ್ನೊಂದು ಕೈಯಲ್ಲಿ ಸಾಲಿ ಮಾಸ್ತರನ ತೋಳನ್ನೂ ಹಿಡಿದು ಒಳಗೆ ಬಂದಳು. ಹುಡುಗಿಯ ಎರಡೂ ಕೆನ್ನೆ ಕೆಂಪಗೆ ಕಾದಿದ್ದವು.

"ನೋಡ್ರಿ ಡಾಕ್ಟರಬಾಯಿ, ಹೆಂಗ ಬಾರಿಸ್ಯಾನ!"

"ನಾ ಕೈ ಸುದ್ಧಾ ಹಚ್ಚಿಲ್ಲರಿ," ಎಂದ ಮಾಸ್ತರ. ಅಳುವುದೊಂದು ಬಾಕಿ.

ಹುಡುಗಿಯ ತೋಳಿನ ಮೇಲೂ ಜಾಳಿಗೆಯಂಥ ಗುಲಾಬಿ ಗೆರೆಗಳಿದ್ದವು. "ಅಜ್ಜಿ, ಇದು ವೈರಸ್ಸು. ಹೊಡೆದಂಗ ಕಾಣ್ತೈತಿ ಅಷ್ಟ. ತಾನಾಗೇ ಹೋಗ್ತದ," ಎಂದೆ.

ಮಾಸ್ತರನ ತೋಳು ಬಿಡುಗಡೆಯಾಯಿತು. ಅಜ್ಜಿ ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ಹೊಡದಿಲ್ಲ ಅಂತೀರಿ. ಹುಡುಗಿಗೆ ಎರಡರ ಮಗ್ಗಿನೂ ಬರೂದಿಲ್ಲ. ಹಂಗಾದ್ರ ದಿನಾ ಸಾಲ್ಯಾಗ ಏನ್ ಮಾಡ್ತೀರಿ?"

ಎಮ್ಮಿಯ ಕಾಳಜಿ

ಮೈಂದರ್ಗಿಯ ರೈತರೊಬ್ಬರು ಮಗನನ್ನು ಹೆಗಲ ಮೇಲೆ ತಂದಿದ್ದರು. ಬಾಯಲ್ಲಿ ಹುಣ್ಣು, ಅಂಗೈ ಅಂಗಾಲಿನಲ್ಲಿ ಗುಳ್ಳೆ. ಹುಡುಗ ಊಟ ಬಿಟ್ಟಿದ್ದಕ್ಕೆ ಅಪ್ಪನೂ ಊಟ ಬಿಟ್ಟಿದ್ದರು.

"ಇದು ಕೈ-ಕಾಲು-ಬಾಯಿ ರೋಗ," ಎಂದೆ.

"ಅಯ್ಯ, ಕಾಲುಬಾಯಿ ಬ್ಯಾನಿ! ನಮ್ಮ ಹೋರಿಗೂ ಬಂದಿತ್ತು!"

"ಅದss ಬ್ಯಾರೆ, ಇದss ಬ್ಯಾರೆ," ಎಂದು ಬಿಡಿಸಿ ಹೇಳಿದೆ. ತಣ್ಣನೆಯ ಮೆತ್ತನೆಯ ಊಟ ಕೊಡ್ರಿ, ಒಂದು ವಾರ ದೂರ ಇಡ್ರಿ, ಒಬ್ಬರಿಂದ ಒಬ್ಬರಿಗೆ ಬೇಗ ಹತ್ತತೈತಿ ಎಂದೆ. ಅವರು ಶ್ರದ್ಧೆಯಿಂದ ತಲೆಯಾಡಿಸಿದರು.

ಮುಂದಿನ ವಾರ ಮಗ ನಗುತ್ತ ನಡೆದು ಬಂದ. ಹೆಗಲ ಮೇಲೆ ಅವನ ತಂಗಿ, ಅವೇ ಗುಳ್ಳೆಗಳೊಂದಿಗೆ.

"ದೂರ ಇಡ್ರಿ ಅಂದಿದ್ದೆನಲ್ಲರಿ?"

"ಇಟ್ಟಿದ್ನಲ್ಲರಿ ಬಾಯಿ! ಇಬ್ಬರನ್ನೂ ದನದ ಗ್ವಾದ್ಲಿ ಕಡೆ ಹಾಯಾಕ ಬಿಟ್ಟಿಲ್ಲ." ಎದೆಯುಬ್ಬಿಸಿ ಹೇಳಿದರು: "ಎಮ್ಮಿ ಗಬ್ಬ ಐತಿ. ಅದಕ್ಕೇನೂ ಆಗಿಲ್ಲ ನೋಡ್ರಿ!"

ತಾಯಿ ಬಂದಳು

ವಾರಕ್ಕೊಮ್ಮೆ ಸೊಲ್ಲಾಪುರದಲ್ಲೂ ಕೂರುತ್ತೇನೆ. ಅಲ್ಲಿ ಟಾವೆಲ್ ವ್ಯಾಪಾರದ ಮನೆಯೊಂದರ ಹುಡುಗನಿಗೆ ಸೀತಾಳ ಸಿಡುಬು ಬಂತು. ಅವನು ಎದ್ದು ಆಡತೊಡಗುವ ಹೊತ್ತಿಗೆ ಅವನ ತಾಯಿ ಮಲಗಿದಳು. ದೊಡ್ಡವರಿಗೆ ಅದು ಜೋರು. ದೊಡ್ಡವರ ಡಾಕ್ಟರ ಹತ್ತಿರ ಕಳಿಸಿದೆ, ಔಷಧ ಶುರುವಾಯಿತು. ಅತ್ತೆ ಅಡಿಗೆಮನೆ, ಅಂಗಡಿಯ ಚಹಾ ಎಲ್ಲ ತಾನೇ ನೋಡಿಕೊಂಡು, ಉಳಿದ ಹೊತ್ತು ಬೇವಿನ ಟೊಂಗೆ ಹಿಡಿದು ಸೊಸೆಯ ಹಾಸಿಗೆ ಬಿಟ್ಟು ಏಳಲಿಲ್ಲ. ಮನೆಗೆ ದೇವಿ ಬಂದಾಳ ಎಂಬ ಭಕ್ತಿ ಬೇರೆ.

ಗುಳ್ಳೆ ಒಣಗಿದ ಮೇಲೆ ಇಬ್ಬರೂ ಬಂದರು.

"ಮೊದಲ ಜೀವ ಹೋದಂಗ ಆಗಿತ್ರಿ," ಎಂದಳು ಸೊಸೆ. "ಆಮ್ಯಾಲ ಅತ್ತಿ 'ಏಳ್ರಿ ತಾಯಿ, ಊಟ ಮಾಡ್ರಿ' ಅನ್ನಾಕತ್ರು. ಮದಿವ್ಯಾದಾಗಿಂದ 'ಏ ಇಕೀನ' ಅನ್ನೂದು ಬಿಟ್ಟು ಬ್ಯಾರೆ ಕೇಳಿದ್ದಿಲ್ಲ. ಮತ್ತೊಮ್ಮೆ ಬರತೈತೇನ್ರಿ ಇದು?"

"ಹೆದರಬ್ಯಾಡವ್ವ. ಒಮ್ಮೆ ಬಂದ್ರ ಸಾಮಾನ್ಯವಾಗಿ ಮತ್ತ ಬರೂದಿಲ್ಲ."

"ಅಯ್ಯ, ಒಂದss ಸಲಾನ?" ಎಂದು ಮುಖ ಸಣ್ಣ ಮಾಡಿದಳು.

ಅತ್ತೆ ಸೆರಗು ಬಾಯಿಗಿಟ್ಟು ನಕ್ಕಳು. ಸೊಸೆಯನ್ನು ಆಟೋ ಕರೆಯಲು ಹೊರಗೆ ಕಳಿಸಿ, ಕುರ್ಚಿ ಹತ್ತಿರ ಎಳೆದುಕೊಂಡಳು.

"ಬಾಯಿ, ನನಗ ಸಣ್ಣಾಕಿದ್ದಾಗ ಇದು ಬಂದಿಲ್ಲ."

"ಹಂಗಾದ್ರ ಇದು ಬರದಂಗ ಸೂಜಿ ಹಾಕಿಸ್ಕೋರಿ. ಈ ವಯಸ್ಸಿಗೆ ಬಂದ್ರ ಭಾಳ ತ್ರಾಸ."

"ಇವತ್ತ ಹಾಕ್ರಿ," ಎಂದು ತೋಳು ಚಾಚಿದಳು. ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು: "ಆದ್ರ ಸೊಸಿಗಿ ಮಾತ್ರ ಹೇಳಬ್ಯಾಡ್ರಿ. ಇನ್ನ ಒಂದು ಸೊಳ್ಳಿ ಕಚ್ಚಿದ್ರೂ ಸಾಕು, ತಾಯಿ ಬಂದಾಳಂತ ಮಲಗಿಬಿಡ್ತೀನಿ!"